ಜಡ್ಜ್ ಆದೇಶ ಮಾಡದೇ ಇದ್ದರೆ ಹೈಕೋರ್ಟಿಂದ ಮಾಡಿಸಬಹುದಾ? ವಕೀಲರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರ ನಮ್ಮ ಗುಂಪಿನ ವಕೀಲರು ಉತ್ತರ ಕೊಡ್ತಾರೆ. ವಿಷಯ: ಕೆಳಗಿನ ಕೋರ್ಟಿನ ವಿವೇಚನೆಗೆ ಬಿಟ್ಟ ಕೆಲಸವನ್ನು ಮೇಲಿನ ಕೋರ್ಟು ಎಷ್ಟರ ಮಟ್ಟಿಗೆ ಹೇಳಿ ಮಾಡಿಸಬಹುದು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯವರು ಕೇಳಬಹುದು. ಜಡ್ಜ್ ಹೆಸರು, ಕೇಸ್ ನಂಬರ್, ಎದುರು ಪಾರ್ಟಿ ಹೆಸರು ಹಾಕಬೇಡಿ. ಹಾಕಿದರೆ ಪೋಸ್ಟ್ ತೆಗೀತೀನಿ.

ಜಗಳೂರು ಸದಸ್ಯ: ಸಾರ್, ಪಾಲಿನ ದಾವೆ. ವಾದ ಮುಗಿದು ಮೂರು ತಿಂಗಳಾಯ್ತು. ತೀರ್ಪಿಗೆ ಅಂತ ವಾಯಿದೆ ಮೇಲೆ ವಾಯಿದೆ. ಜಡ್ಜ್ ಮೇಲೆ ಮ್ಯಾಂಡಮಸ್ ಹಾಕಬಹುದಾ?

ವಕೀಲರು: ಮ್ಯಾಂಡಮಸ್ ಅಂದರೆ ‘ನಿನ್ನ ಕರ್ತವ್ಯ ಮಾಡು’ ಅಂತ ಹೈಕೋರ್ಟ್ ಹೊರಡಿಸುವ ರಿಟ್ ಆದೇಶ. ತೀರ್ಪಿನ ಗಡುವು ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 20, ರೂಲ್ 1ರಲ್ಲಿದೆ. ವಾದ ಮುಗಿದ ಮೇಲೆ 30 ದಿನ. ಅಸಾಧಾರಣ ಕಾರಣ ಇದ್ದರೂ ಸಾಮಾನ್ಯವಾಗಿ 60 ದಿನ ಮೀರಬಾರದು. ಮೊದಲು ಅದೇ ಕೋರ್ಟಿನಲ್ಲಿ ಮೆಮೊ ಹಾಕಿಸಿ. ವಾದ ಮುಗಿದ ತಾರೀಖು, ಆಮೇಲಿನ ವಾಯಿದೆಗಳು, ಬೇಗ ತೀರ್ಪು ಕೊಡಬೇಕೆಂಬ ಕೋರಿಕೆ, ಇಷ್ಟೇ ಇರಲಿ. ದೂರಿನ ಧಾಟಿ ಬೇಡ. ಅದರಿಂದಲೂ ಆಗದಿದ್ದರೆ ಸಂವಿಧಾನದ 227ನೇ ವಿಧಿಯಡಿ (ಕೆಳಗಿನ ಕೋರ್ಟುಗಳ ಮೇಲ್ವಿಚಾರಣೆಯ ಅಧಿಕಾರ) ಹೈಕೋರ್ಟಿಗೆ ಅರ್ಜಿ. ಅಲ್ಲಿ ಕೇಳಬೇಕಾದ್ದು ‘ತೀರ್ಪು ಕೊಡಲು ಸೂಚಿಸಿ’ ಅಂತ. ‘ನನಗೆ ಅರ್ಧ ಪಾಲು ಕೊಡಲು ಸೂಚಿಸಿ’ ಅಂತ ಬರೆಸಿದರೆ ಅರ್ಜಿ ಅಲ್ಲೇ ನಿಲ್ಲುತ್ತೆ. ಈ ನಡುವೆ ಜಡ್ಜ್ ವರ್ಗವಾದರೆ ಸಾಕ್ಷ್ಯ ಮತ್ತೆ ಮೊದಲಿಂದ ಆಗಬೇಕಿಲ್ಲ, ಆರ್ಡರ್ 18, ರೂಲ್ 15ರಂತೆ ಹೊಸಬರು ಇದ್ದಲ್ಲಿಂದ ಮುಂದುವರಿಸಬಹುದು. ವಾದ ಮಾತ್ರ ಅವರ ಮುಂದೆ ಮತ್ತೆ ಹೇಳಬೇಕು.

ಹರಿಹರ ಸದಸ್ಯ: ನಮಗೆ ಧಾರವಾಡ ಹತ್ತಿರ ಐತ್ರಿ. ಅಲ್ಲೇ ಹಾಕಬಹುದಲ್ಲ?

ವಕೀಲರು: ಆಗಲ್ಲ. ದಾವಣಗೆರೆ, ಚಿತ್ರದುರ್ಗ ಎರಡೂ ಬೆಂಗಳೂರಿನ ಪ್ರಧಾನ ಪೀಠಕ್ಕೆ. ಹೊಳೆ ದಾಟಿ ರಾಣೇಬೆನ್ನೂರಿನ ಕೇಸಾಗಿದ್ದರೆ ಹಾವೇರಿ ಜಿಲ್ಲೆ ಅಂತ ಧಾರವಾಡಕ್ಕೆ ಹೋಗುತ್ತಿತ್ತು.

ಚಳ್ಳಕೆರೆ ಸದಸ್ಯ: ಇದು ನಮ್ಮ ಇನ್ನೊಂದು ಗುಂಪಲ್ಲಿ ಬಂದಿದ್ದು, ಎಲ್ರಿಗೂ ಉಪಯೋಗ ಆಗ್ತೈತೆ ಅಂತ ಹಾಕ್ತಿದೀನಿ 👇
“ನಿಮ್ಮ ಕೇಸು ತಡ ಆಗ್ತಿದೆಯಾ? 1. ಜಡ್ಜ್‌ಗೆ ರಿಜಿಸ್ಟರ್ ಪೋಸ್ಟಲ್ಲಿ ಲೀಗಲ್ ನೋಟಿಸ್ ಕಳಿಸಿ. 2. ಯಾಕೆ ಆದೇಶ ಮಾಡಿಲ್ಲ ಅಂತ ಆರ್‌ಟಿಐ ಹಾಕಿ. 3. ಆರು ತಿಂಗಳಾದ ಸ್ಟೇ ತಾನಾಗೇ ರದ್ದು, ಸುಪ್ರೀಂ ಕೋರ್ಟ್ ಆದೇಶ. 4. ಹೈಕೋರ್ಟಿಗೆ ಹೋದರೆ 15 ದಿನದಲ್ಲಿ ನಿಮ್ಮ ಪರ ಆದೇಶ ಮಾಡಲು ಜಡ್ಜ್‌ಗೆ ಹೇಳುತ್ತೆ. ಎಲ್ಲಾ ಗುಂಪಿಗೂ ಶೇರ್ ಮಾಡಿ.”

ವಕೀಲರು: ದಯವಿಟ್ಟು ಇದನ್ನು ಎಲ್ಲಿಗೂ ಕಳಿಸಬೇಡಿ. ನಾಲ್ಕಕ್ಕೆ ನಾಲ್ಕೂ ತಪ್ಪು, ಎರಡಂತೂ ಜನರನ್ನು ಜೈಲಿಗೆ ಕಳಿಸಬಲ್ಲವು.

ನ್ಯಾಯಾಧೀಶರು ಕುರ್ಚಿಯಲ್ಲಿ ಕೂತು ಮಾಡಿದ ಕೆಲಸಕ್ಕೆ 1985ರ ನ್ಯಾಯಾಧೀಶರ ರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ನೋಟಿಸಿನಿಂದ ಏನೂ ಆಗಲ್ಲ. ನಡೆಯುತ್ತಿರುವ ಕೇಸಿನ ಬಗ್ಗೆ ಜಡ್ಜ್‌ಗೇ ನೇರ ಪತ್ರ ಬರೆದು ಬೆದರಿಸಿದರೆ ಅದು ನ್ಯಾಯಾಂಗ ನಿಂದನೆಯ ಬಾಗಿಲಿಗೆ ಹೋಗುತ್ತೆ. ಆರ್‌ಟಿಐನಲ್ಲಿ ‘ಯಾಕೆ ಹೀಗೆ ಆದೇಶ ಮಾಡಿದಿರಿ’ ಅಂತ ಜಡ್ಜ್‌ಗೆ ಕೇಳಲು ಬರಲ್ಲ ಅಂತ 2010ರಲ್ಲೇ ಖಾನಾಪುರಂ ಗಂಡಯ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದೇಶದ ಕಾರಣ ಆದೇಶದೊಳಗೇ ಇರಬೇಕು. ಇಲ್ಲದಿದ್ದರೆ ಮೇಲ್ಮನವಿ.

ಮೂರನೆಯದು ಎಲ್ಲಕ್ಕಿಂತ ಅಪಾಯ. ಆರು ತಿಂಗಳಿಗೆ ಸ್ಟೇ ತಾನಾಗಿ ಬೀಳುತ್ತೆ ಅನ್ನೋದು 2018ರ ಏಷ್ಯನ್ ರೀಸರ್ಫೇಸಿಂಗ್ ತೀರ್ಪಿನ ಮಾತು. 2024ರ ಫೆಬ್ರವರಿ 29ರಂದು ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ ಅಲಹಾಬಾದ್ ಹೈಕೋರ್ಟ್ ವಕೀಲರ ಸಂಘದ ಪ್ರಕರಣದಲ್ಲಿ ಅದನ್ನು ತೆಗೆದುಹಾಕಿತು. ಆರು ತಿಂಗಳಾಯ್ತು ಅನ್ನೋ ಕಾರಣಕ್ಕೆ ಈಗ ಸ್ಟೇ ತಾನಾಗಿ ಬೀಳಲ್ಲ. ಈ ಫಾರ್ವರ್ಡ್ ನಂಬಿ ತಡೆಯಾಜ್ಞೆ ಇರುವ ಜಾಗದಲ್ಲಿ ಟ್ರ್ಯಾಕ್ಟರ್ ಇಳಿಸಿದರೆ ಆರ್ಡರ್ 39, ರೂಲ್ 2ಎ ಪ್ರಕಾರ ಆಸ್ತಿ ಜಪ್ತಿ ಆಗಬಹುದು, ಮೂರು ತಿಂಗಳವರೆಗೆ ಸಿವಿಲ್ ಜೈಲೂ ಆಗಬಹುದು. ಬೀಗರು ಕಳಿಸಿದ್ದು, ಗುಂಪಲ್ಲಿ ಬಂದಿದ್ದು ಅಂದರೆ ಕೋರ್ಟು ಬಿಡಲ್ಲ.

ಕಾನೂನು ವಿದ್ಯಾರ್ಥಿ, ದಾವಣಗೆರೆ: ಸರ್, ನಾಲ್ಕನೆಯದು ಅರ್ಧ ಸರಿ ಅಲ್ವಾ? ಹೈಕೋರ್ಟಿಗೆ ರಿಟ್ ಅಧಿಕಾರ ಕೊಡುವ 226ನೇ ವಿಧಿಯಲ್ಲಿ ‘ಯಾವುದೇ ವ್ಯಕ್ತಿ ಅಥವಾ ಪ್ರಾಧಿಕಾರ’ ಅಂತ ಇದೆ. ಸಿವಿಲ್ ಕೋರ್ಟೂ ಒಂದು ಪ್ರಾಧಿಕಾರವೇ. ಸುಪ್ರೀಂ ಕೋರ್ಟಿನ ಸೂರ್ಯ ದೇವ್ ರಾಯ್ ತೀರ್ಪು, 2003 ಅದನ್ನೇ ಹೇಳಿದ್ದು.

ನಿವೃತ್ತ ಶಿರಸ್ತೇದಾರ್, ಚಿತ್ರದುರ್ಗ: ತಮ್ಮಾ, ಆ ಪಾಠ ಹಳೇದಾಯ್ತು. ರಾಧೇ ಶ್ಯಾಮ್, 2015 ಓದಿ. ಸಿವಿಲ್ ಕೋರ್ಟಿನ ನ್ಯಾಯಿಕ ಆದೇಶದ ಮೇಲೆ 226ರ ರಿಟ್ ನಡೆಯಲ್ಲ, 227 ಮಾತ್ರ.

ಕಾನೂನು ವಿದ್ಯಾರ್ಥಿ: ಅದು ಆದೇಶ ರದ್ದು ಮಾಡುವ ರಿಟ್ ಬಗ್ಗೆ ಸರ್. ನಾನು ಕೇಳ್ತಿರೋದು ಆದೇಶವೇ ಮಾಡದಿದ್ದಾಗ. ಆದೇಶವೇ ಇಲ್ಲ ಅಂದ ಮೇಲೆ ‘ನ್ಯಾಯಿಕ ಆದೇಶ’ ಎಲ್ಲಿಂದ ಬಂತು?

ವಕೀಲರು: ಒಳ್ಳೆ ಪ್ರಶ್ನೆ, ಆದರೆ ಅರ್ಜಿ ಬರೆಸುವಾಗ ಪ್ರಯೋಜನಕ್ಕೆ ಬರಲ್ಲ. ನಮ್ಮ ಹೈಕೋರ್ಟಿನಲ್ಲಿ ಇಂಥವು ಜಿಎಂ-ಸಿಪಿಸಿ ಅನ್ನೋ ತಲೆಬರಹದಡಿ 227ರಲ್ಲೇ ನಡೆಯುತ್ತವೆ. ತಡವಾಗಿರುವ ಕೆಲಸ ಮಾಡಿ ಅಂತ ಹೇಳಲು ಆ ಮೇಲ್ವಿಚಾರಣಾ ಅಧಿಕಾರ ಸಾಕು. ಒಂದು ವ್ಯತ್ಯಾಸ ನೆನಪಿರಲಿ: 226ರಲ್ಲಿ ಸೋತರೆ ಡಬಲ್ ಬೆಂಚಿಗೆ ರಿಟ್ ಅಪೀಲು ಇದೆ. 227ರಲ್ಲಿ ಇಲ್ಲ, ಸುಪ್ರೀಂ ಕೋರ್ಟೇ ದಾರಿ. ಹಾಗಾಗಿ ಮೊದಲ ಸಲವೇ ದಾಖಲೆ ಪೂರ್ತಿ ಇರಬೇಕು.

ಹೊಸದುರ್ಗ ಸದಸ್ಯ: ನಮ್ದು ಎಸಿ (ಉಪವಿಭಾಗಾಧಿಕಾರಿ) ಕೋರ್ಟು. ಪಹಣಿ ಖಾತೆ ಬದಲಾವಣೆ ಅಪೀಲು. ವರ್ಷದಿಂದ ಆದೇಶಕ್ಕೆ ಇಟ್ಟವ್ರೆ. ನಮಗೂ 227ನೇನಾ?

ವಕೀಲರು: ನಿಮಗೆ 226. ಎಸಿ ಕೋರ್ಟು ಅಂತ ಕರೆದರೂ ಅದು ಸಿವಿಲ್ ಕೋರ್ಟಲ್ಲ, ಭೂಕಂದಾಯ ಕಾಯ್ದೆ 136(2)ರಡಿ ಅಪೀಲು ಕೇಳುವ ಕಂದಾಯ ಅಧಿಕಾರಿ. ಇಲ್ಲಿ ಮ್ಯಾಂಡಮಸ್ ಸರಿಯಾಗಿ ಕೂರುತ್ತೆ, ಇಷ್ಟು ವಾರದೊಳಗೆ ಆದೇಶ ಮಾಡಿ ಅಂತಲೂ ಹೈಕೋರ್ಟ್ ಹೇಳುತ್ತೆ. ಅದಕ್ಕೆ ಮುಂಚೆ ಎಸಿ ಕಚೇರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸೀಲು, ತಾರೀಖು ಇಲ್ಲದ ಸ್ವೀಕೃತಿ ಬೇಡ. ಆದರೆ ಇಲ್ಲೂ ‘ಖಾತೆ ನನ್ನ ಹೆಸರಿಗೆ ಮಾಡಲು ಹೇಳಿ’ ಅನ್ನಬೇಡಿ. ‘ಪರಿಗಣಿಸಿ, ಕಾನೂನು ಪ್ರಕಾರ ಆದೇಶ ಮಾಡಿ’ ಅಷ್ಟೇ. ಮತ್ತೊಂದು ಮಾತು: ‘ಪರಿಗಣಿಸಿ’ ಅಂತ ಆದೇಶ ಬಂದ ಮಾತ್ರಕ್ಕೆ ಸತ್ತ ಹಕ್ಕು ಎದ್ದು ಕೂರಲ್ಲ. ಹತ್ತಾರು ವರ್ಷ ಸುಮ್ಮನಿದ್ದು ಈಗ ಮನವಿ ಕೊಟ್ಟವರಿಗೆ 2008ರ ಸಿ. ಜೇಕಬ್ ತೀರ್ಪು ಅಡ್ಡ ಬರುತ್ತೆ.

ಭರಮಸಾಗರ ಸದಸ್ಯ: ಜಡ್ಜ್ ಮೇಲೆ ಮ್ಯಾಂಡಮಸ್ ಹಾಕಬಹುದಾ ಸಾರ್?

ವಕೀಲರು: ಮೇಲೆ ಓದಿ.

ಮೊಳಕಾಲ್ಮುರು ಸೀರೆ ವ್ಯಾಪಾರಿ: ಚೆಕ್ ಬೌನ್ಸ್ ಕೇಸು. ಆರೋಪಿ ಕಡೆಯಿಂದ 20% ಮೊದಲೇ ಕಟ್ಟಿಸಬೇಕು ಅಂತ ಕಾಯ್ದೇಲೇ ಇದೆಯಂತೆ. ನಮ್ಮ ಮ್ಯಾಜಿಸ್ಟ್ರೇಟ್ ಕಟ್ಟಿಸಿಲ್ಲ. ಹೈಕೋರ್ಟಿಂದ ಕಟ್ಟಿಸಿ ಅಂತ ಹೇಳಿಸಬಹುದಾ?

ವಕೀಲರು: ಚೆಕ್ ಬೌನ್ಸ್ ಕಾಯ್ದೆಯ 143ಎ ಕಲಂ. ಅಲ್ಲಿರೋದು ‘ಕೊಡಿಸಬಹುದು’, ‘ಕೊಡಿಸತಕ್ಕದ್ದು’ ಅಲ್ಲ. 20% ಗರಿಷ್ಠ ಮಿತಿ, ಕಡಿಮೆಯೂ ಆಗಬಹುದು. ಇದು ಮ್ಯಾಜಿಸ್ಟ್ರೇಟರ ವಿವೇಚನೆ ಅಂತ 2024ರಲ್ಲಿ ರಾಕೇಶ್ ರಂಜನ್ ಶ್ರೀವಾಸ್ತವ ತೀರ್ಪು ಸ್ಪಷ್ಟ ಮಾಡಿದೆ. ಮೇಲ್ನೋಟಕ್ಕೆ ನಿಮ್ಮ ಕೇಸು ಗಟ್ಟಿಯೇ, ಆರೋಪಿಯ ವಾದ ನಂಬುವಂಥದ್ದೇ, ಅವನ ಹಣಕಾಸಿನ ಸ್ಥಿತಿ ಏನು, ಇವನ್ನೆಲ್ಲ ನೋಡಬೇಕು. ನೀವು 143ಎ ಅರ್ಜಿ ಹಾಕಿದ್ದು, ಅದನ್ನು ಮುಟ್ಟದೇ ಬಿಟ್ಟಿದ್ದರೆ, ಅದರ ಮೇಲೆ ಆದೇಶ ಮಾಡಿ ಅಂತ ಕೇಳಬಹುದು. ಅರ್ಜಿಯನ್ನೇ ಹಾಕಿಲ್ಲ ಅಂದರೆ ಮೊದಲು ಅದನ್ನು ಹಾಕಿ.

ಹಿರಿಯೂರು ಸದಸ್ಯ: ತಮ್ಮ ಜೈಲಲ್ಲಿದ್ದಾನೆ. ದಿನ ಕಳೆದರೂ ಚಾರ್ಜ್‌ಶೀಟ್ ಹಾಕಿಲ್ಲ. ಬೇಲ್ ಕೊಡೋದು ಬಿಡೋದು ಜಡ್ಜ್ ಇಷ್ಟ ಅಂತಾರೆ. ನಿಜಾನಾ?

ವಕೀಲರು: ನಿಮ್ಮ ವಿಷಯದಲ್ಲಿ ನಿಜ ಅಲ್ಲ. ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 187(3) ಪ್ರಕಾರ ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನ. ಅಷ್ಟರೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಬೇಲ್ ಹಕ್ಕು, ಅಲ್ಲಿ ವಿವೇಚನೆಗೆ ಜಾಗ ಇಲ್ಲ. ಆದರೆ ಚಾರ್ಜ್‌ಶೀಟ್ ಬರುವ ಮುಂಚೆ ನಿಮ್ಮ ಅರ್ಜಿ ಕೋರ್ಟಿನಲ್ಲಿ ಇರಬೇಕು, ಜಾಮೀನು ಕೊಡಲು ತಯಾರಿದ್ದೀವಿ ಅಂತ ಅದರಲ್ಲಿ ಬರೆದಿರಬೇಕು. ಅರ್ಜಿ ಹಾಕದೇ ಕೂತು, ಚಾರ್ಜ್‌ಶೀಟ್ ಬಂದ ಮೇಲೆ ಹೋದರೆ ಆ ಹಕ್ಕು ಹೋಯ್ತು. ದಿನದ ಲೆಕ್ಕ ಮೊದಲ ರಿಮ್ಯಾಂಡ್ (ಮ್ಯಾಜಿಸ್ಟ್ರೇಟ್ ಮೊದಲ ಸಲ ಕಸ್ಟಡಿಗೆ ಕಳಿಸಿದ) ತಾರೀಖಿನಿಂದ, ಅರೆಸ್ಟ್ ಆದ ದಿನದಿಂದ ಅಲ್ಲ. ಇವತ್ತೇ ನಿಮ್ಮ ವಕೀಲರನ್ನು ನೋಡಿ. ಇಲ್ಲಿ ಉತ್ತರಕ್ಕೆ ಕಾಯಬೇಡಿ.

ಹೊನ್ನಾಳಿ ಕಡೆ ಸದಸ್ಯೆ: ಸಾರ್, ನಮ್ಮ ಮನೆಯವರ ಅಣ್ಣ ದಾವೆ ಹಾಕಿದಾರೆ. ಬೋರ್‌ವೆಲ್ ಜಂಟಿ, ಎರಡೂ ಮನೆಗೆ ಸೇರಿದ್ದು. ನಮ್ಮ ಭಾಗದಲ್ಲಿ ಎರಡು ಎಕರೆ ಅಡಿಕೆ. ನಾವು ಆ ಬೋರಿಂದ ನೀರು ತಗೊಳ್ಳಬಾರದು ಅಂತ ನಮಗೆ ನೋಟಿಸ್ ಬರೋ ಮುಂಚೇನೇ ಟಿಐ (ತಾತ್ಕಾಲಿಕ ತಡೆಯಾಜ್ಞೆ) ಆಗಿದೆ. ಐದು ತಿಂಗಳಾಯ್ತು. ಗರಿ ಹಳದಿ ಆಗ್ತಿದೆ. ನಮ್ಮ ವಕೀಲರು, ಟಿಐ ತೆಗೆಯುವಂತೆ ಜಡ್ಜ್‌ಗೆ ಹೈಕೋರ್ಟಿಂದ ಮ್ಯಾಂಡಮಸ್ ತರೋಣ ಅಂತಾರೆ. ಕಿರಿಯ ಸಿವಿಲ್ ಜಡ್ಜ್ ಕೋರ್ಟು. ಆರ್ಡರ್ ಶೀಟಲ್ಲಿ ಇರೋದನ್ನ ಟೈಪ್ ಮಾಡಿದೀನಿ, ಒಂದೊಂದು ವಾಯಿದೆಗೆ ಒಂದೊಂದು ಸಾಲು (ಐಎ ಅಂದ್ರೆ ಮಧ್ಯಂತರ ಅರ್ಜಿ, ಪಿಒ ಅಂದ್ರೆ ಜಡ್ಜ್):
ಐಎ 1ರ ಮೇಲೆ ಏಕಪಕ್ಷೀಯ ಟಿಐ. ಪ್ರತಿವಾದಿಗೆ ನೋಟಿಸ್.
ಪ್ರತಿವಾದಿ ವಕಾಲತ್ತು. ತಕರಾರಿಗೆ ಸಮಯ ಕೋರಿಕೆ. ಟಿಐ ವಿಸ್ತರಣೆ.
ಪ್ರತಿವಾದಿ ಸಮಯ ಕೋರಿಕೆ. ವಿಸ್ತರಣೆ.
ತಕರಾರು ಮತ್ತು ಟಿಐ ತೆರವಿಗೆ ಐಎ 3 ಸಲ್ಲಿಕೆ. ವಾದಿ ತಕರಾರಿಗೆ.
ವಾದಿ ಸಮಯ ಕೋರಿಕೆ. ವಿಸ್ತರಣೆ.
ಪಿಒ ರಜೆ.
ವಕೀಲರು ಕಲಾಪದಿಂದ ದೂರ. ವಿಸ್ತರಣೆ.
ಐಎ 1 ಮತ್ತು 3 ವಾದಕ್ಕೆ. ವಾದಿ ಸಮಯ ಕೋರಿಕೆ. ವಿಸ್ತರಣೆ.

ವಕೀಲರು: ಅಮ್ಮಾ, ಆರ್ಡರ್ ಶೀಟ್ ಹೀಗೆ ಬರೆದು ಹಾಕಿದ್ದು ತುಂಬಾ ಒಳ್ಳೇದಾಯ್ತು. ಈ ಕೇಸು ನನಗೆ ಆತಂಕ ತರಿಸಿದೆ, ಅದಕ್ಕೇ ಉದ್ದ ಬರೀತೀನಿ. ಪೂರ್ತಿ ಓದಿ, ನಿಮ್ಮ ವಕೀಲರಿಗೂ ತೋರಿಸಿ.

‘ಟಿಐ ತೆಗೆಯಲು ಜಡ್ಜ್‌ಗೆ ಹೇಳಿ’ ಅಂತ ಹೈಕೋರ್ಟ್ ಹೇಳಲ್ಲ. ಟಿಐ ಕೊಡೋದು, ಉಳಿಸೋದು, ತೆಗೆಯೋದು ಆ ಜಡ್ಜ್‌ರ ವಿವೇಚನೆ. ಮೇಲ್ನೋಟದ ಹಕ್ಕು, ಯಾರಿಗೆ ಹೆಚ್ಚು ತೊಂದರೆ, ತುಂಬಿಕೊಡಲಾಗದ ನಷ್ಟ, ಈ ಮೂರನ್ನೂ ತೂಗಿ ಅವರೇ ನಿರ್ಧಾರಕ್ಕೆ ಬರಬೇಕು. 227ರಲ್ಲಿ ನಿಮಗೆ ಸಿಗೋದು ಹೆಚ್ಚೆಂದರೆ ‘ಐಎ 1 ಮತ್ತು 3ನ್ನು ಬೇಗ ಇತ್ಯರ್ಥ ಮಾಡಿ’ ಅನ್ನೋ ಸೂಚನೆ. ಅದು ಬಂದ ಮೇಲೂ ಜಡ್ಜ್ ಟಿಐ ಕಾಯಂ ಮಾಡಬಹುದು. ಅಷ್ಟು ಹೊತ್ತಿಗೆ ಬೆಂಗಳೂರಿಗೆ ಓಡಾಡಿ ತಿಂಗಳುಗಳು ಕಳೆದಿರುತ್ತವೆ.

ನಿಮಗೆ ಇದಕ್ಕಿಂತ ಹತ್ತಿರದ ದಾರಿ ಇದೆ. ಆರ್ಡರ್ 39, ರೂಲ್ 3ಎ: ನೋಟಿಸ್ ಇಲ್ಲದೇ ಟಿಐ ಕೊಟ್ಟರೆ ಆ ಅರ್ಜಿಯನ್ನು 30 ದಿನದೊಳಗೆ ಪೂರ್ತಿ ಇತ್ಯರ್ಥ ಮಾಡಲು ಕೋರ್ಟು ಯತ್ನಿಸಬೇಕು, ಆಗದಿದ್ದರೆ ಕಾರಣ ಬರೆಯಬೇಕು. ನಿಮ್ಮ ಶೀಟಿನಲ್ಲಿ ‘ವಿಸ್ತರಣೆ’ ಅಂತ ಐದು ಸಲ ಇದೆ, 30 ದಿನದಲ್ಲಿ ಯಾಕೆ ಮುಗಿಸಲಾಗಲಿಲ್ಲ ಅನ್ನೋ ಕಾರಣ ಒಂದು ಕಡೆಯೂ ಇಲ್ಲ. ಇಂಥ ಸ್ಥಿತಿಗೇ 2000ದಲ್ಲಿ ವೆಂಕಟಸುಬ್ಬಯ್ಯ ನಾಯ್ಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: 30 ದಿನ ಮೀರಿದರೆ, ಇನ್ನೂ ಜಾರಿಯಲ್ಲಿರುವ ಆ ಏಕಪಕ್ಷೀಯ ಆದೇಶದ ಮೇಲೇ ಮೇಲ್ಮನವಿ ಹಾಕಬಹುದು, ಮೇಲಿನ ಕೋರ್ಟು ಅದನ್ನು ತೆಗೆದುಕೊಳ್ಳಲೇಬೇಕು.

ಇದರ ಲಾಭ ಏನು ಗೊತ್ತಾ? ಮೇಲ್ಮನವಿ ಕೋರ್ಟು ಕೆಳಗಿನವರಿಗೆ ಹೇಳಿ ಮಾಡಿಸಬೇಕಿಲ್ಲ, ತಾನೇ ಟಿಐಗೆ ತಡೆ ಕೊಡಬಹುದು, ತಾನೇ ತೆಗೆಯಬಹುದು. ವಿವೇಚನೆಯನ್ನು ಬಲವಂತದಿಂದ ಚಲಾಯಿಸುವ ಪ್ರಶ್ನೆಯೇ ಬರಲ್ಲ. ನಿಮ್ಮದು ಕಿರಿಯ ಸಿವಿಲ್ ಜಡ್ಜ್ ಕೋರ್ಟಾದ್ದರಿಂದ ಆರ್ಡರ್ 43, ರೂಲ್ 1(ಆರ್) ಪ್ರಕಾರ ಹಿರಿಯ ಸಿವಿಲ್ ಜಡ್ಜ್ ಮುಂದೆ ಎಂ.ಎ. (ಮಧ್ಯಂತರ ಆದೇಶದ ಮೇಲಿನ ಮೇಲ್ಮನವಿ) ಹಾಕಿಸಿ. ಲಿಮಿಟೇಶನ್ (ಹಾಕಲು ಇರುವ ಕಾಲಮಿತಿ) 30 ದಿನ. ಯಾವಾಗಿನಿಂದ ಲೆಕ್ಕ ಅನ್ನೋ ಜಗಳ ಎದುರಿನವರು ತೆಗೆದೇ ತೆಗೆಯುತ್ತಾರೆ, ಹಾಗಾಗಿ ತಡ ಮನ್ನಿಸಿ ಅಂತ ಲಿಮಿಟೇಶನ್ ಕಾಯ್ದೆ 5ನೇ ಕಲಂ ಅರ್ಜಿಯನ್ನೂ ಜೊತೆಗೇ ಇಡಿ. ಐಎ 3 ಕೆಳಗೆ ಬಾಕಿ ಇದೆ ಅನ್ನೋದನ್ನು ಮುಚ್ಚಿಡಬೇಡಿ, ಮೊದಲ ಪುಟದಲ್ಲೇ ಹೇಳಿ.

ಈಗ ನಿಮ್ಮ ಕಡೆಯ ದೌರ್ಬಲ್ಯ. ಎಂಟು ವಾಯಿದೆಯಲ್ಲಿ ಎರಡು ಸಲ ಸಮಯ ಕೇಳಿದ್ದು ನೀವೇ. ಎದುರಿನವರು ಅದನ್ನೇ ಎತ್ತಿ ತೋರಿಸ್ತಾರೆ. ಆದರೆ ನಾಲ್ಕನೇ ಸಾಲಿನಲ್ಲಿ ನಿಮ್ಮ ತಕರಾರು, ಐಎ 3 ಎರಡೂ ಬಂದಿವೆ. ಅಲ್ಲಿಂದ ಮುಂದಿನ ತಡ ನಿಮ್ಮದಲ್ಲ. ಮೇಲ್ಮನವಿಯಲ್ಲಿ ಆ ತಾರೀಖಿನಿಂದಲೇ ಲೆಕ್ಕ ತೋರಿಸಿ. ಆರ್ಡರ್ ಶೀಟಿನ ಎಲ್ಲಾ ಪುಟಕ್ಕೂ ದೃಢೀಕೃತ ನಕಲು ಬೇಕು, ಮೊಬೈಲ್ ಫೋಟೋ ನಡೆಯಲ್ಲ.

ನೀರಿನ ಬಗ್ಗೆ: ಬೆಸ್ಕಾಂ ಬಿಲ್ಲು, ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆ, ಬಿಲ್ಲು ಯಾರು ಕಟ್ಟಿದ್ದು, ಪಹಣಿಯ ಬೆಳೆ ಕಾಲಂನಲ್ಲಿ ಅಡಿಕೆ ಎಷ್ಟು ವರ್ಷದಿಂದ ಇದೆ, ಇವೆಲ್ಲ ಹಾಕಿ. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು, ಒಣಗಿದರೆ ಹಣದಿಂದ ತುಂಬಿಕೊಡಲಾಗದು ಅನ್ನೋದು ನಿಮ್ಮ ಬಲವಾದ ವಾದ. ಆರ್ಡರ್ 26, ರೂಲ್ 9ರಡಿ ಕಮಿಷನರ್ ನೇಮಕ ಕೇಳಿ, ತೋಟ ಇರುವ ಸ್ಥಿತಿ ದಾಖಲೆಗೆ ಬರಲಿ. ಟಿಐಗೆ ಪೂರ್ತಿ ತಡೆ ಕೇಳುವುದರ ಜೊತೆಗೆ ಪರ್ಯಾಯವಾಗಿ ‘ದಿನಕ್ಕೆ ಇಷ್ಟು ಗಂಟೆ ಡ್ರಿಪ್‌ಗೆ ನೀರು ಬಿಡಿ’ ಅಂತಲೂ ಕೇಳಿ. ಪೂರ್ತಿ ತೆಗೆಯಲು ಹಿಂಜರಿಯುವ ಕೋರ್ಟು ಇದಕ್ಕೆ ಒಪ್ಪುವ ಸಾಧ್ಯತೆ ಹೆಚ್ಚು.

ಇನ್ನೊಂದು ಕೆಲಸ ಈ ವಾರವೇ ಆಗಬೇಕು. ಫೈಲ್ ನೋಡಲು ಅರ್ಜಿ ಹಾಕಿಸಿ. ಏಕಪಕ್ಷೀಯ ಟಿಐ ಸಿಕ್ಕ ಕೂಡಲೇ ವಾದಿ ನಿಮಗೆ ದಾವೆಯ ಪ್ರತಿ, ಅರ್ಜಿ, ಅಫಿಡವಿಟ್, ದಾಖಲೆಗಳನ್ನು ಕೈಯಾರೆ ಕೊಡಬೇಕು ಇಲ್ಲವೇ ರಿಜಿಸ್ಟರ್ ಪೋಸ್ಟ್ ಮಾಡಬೇಕು. ಹಾಗೆ ಮಾಡಿದೀವಿ ಅಂತ ಅದೇ ದಿನ ಅಥವಾ ಮಾರನೇ ದಿನ ಅಫಿಡವಿಟ್ ಹಾಕಬೇಕು. ರೂಲ್ 3ರ ಪರಂತುಕ (ರೂಲಿಗೆ ಸೇರಿಸಿದ ಷರತ್ತು) ಇದು. ಆ ಅಫಿಡವಿಟ್ ಇದೆಯಾ, ಯಾವ ತಾರೀಖು, ನೋಡಿ ಹೇಳಿ.

ಅಲ್ಲಿಯವರೆಗೆ ಬೋರಿನ ಸ್ವಿಚ್ ಮುಟ್ಟಬೇಡಿ. ರಾತ್ರಿಯೂ ಬೇಡ. ಒಂದು ವೀಡಿಯೋ ಸಾಕು, ರೂಲ್ 2ಎ ಅರ್ಜಿ ಬಂದು ನಿಮ್ಮ ಒಳ್ಳೆ ಕೇಸು ಕೆಡುತ್ತೆ.

ಕಾನೂನು ವಿದ್ಯಾರ್ಥಿ: ಸಿಪಿಸಿ ಸೆಕ್ಷನ್ 115 ರಿವಿಷನ್ (ಹೈಕೋರ್ಟಿನ ಮರುಪರಿಶೀಲನೆ) ಯಾಕೆ ಬೇಡ ಸರ್?

ವಕೀಲರು: 2002ರಲ್ಲಿ ಜಾರಿಗೆ ಬಂದ ತಿದ್ದುಪಡಿ ನೋಡಿ. ಅರ್ಜಿದಾರರ ಪರ ಆದೇಶವಾಗಿದ್ದರೆ ದಾವೆಯೇ ಮುಗಿಯುತ್ತಿತ್ತು ಅನ್ನುವಂತಿದ್ದರೆ ಮಾತ್ರ ರಿವಿಷನ್. ವಾಯಿದೆ ಹಾಕಿದ್ದಕ್ಕೆ ಬರಲ್ಲ.

ನಿವೃತ್ತ ಶಿರಸ್ತೇದಾರ್: ಆ ಅಮ್ಮನ ಶೀಟಲ್ಲಿ ಏಳನೇ ಸಾಲು ಯಾರೂ ಮಾತಾಡ್ತಿಲ್ಲ. ‘ವಕೀಲರು ಕಲಾಪದಿಂದ ದೂರ.’ ಜಡ್ಜ್ ತಡ ಮಾಡ್ತಾರೆ ಅಂತ ಎಲ್ಲರೂ ಕೂಗ್ತಾರೆ. ತಡ ಮಾಡಿದ್ದು ಯಾರು ಅಂತ ಶೀಟೇ ಹೇಳ್ತಿದೆ.

ಯುವ ವಕೀಲ, ದಾವಣಗೆರೆ: ಯಜಮಾನ್ರೇ, ಅದೇ ಶೀಟಲ್ಲಿ ‘ಪಿಒ ರಜೆ’ ಕೂಡ ಇದೆ. ಖಾಲಿ ಹುದ್ದೆ, ಒಬ್ಬ ಜಡ್ಜ್‌ಗೆ ಎರಡು ಕೋರ್ಟಿನ ಪ್ರಭಾರ, ದಿನಕ್ಕೆ ಉದ್ದುದ್ದ ಕಾಸ್ ಲಿಸ್ಟ್ (ಆ ದಿನದ ಕೇಸುಗಳ ಪಟ್ಟಿ), ಇದನ್ನೂ ಹೇಳಿ.

ನಿವೃತ್ತ ಶಿರಸ್ತೇದಾರ್: ಹೇಳ್ತೀನಿ. ವಕೀಲರಿಗೆ ಮುಷ್ಕರದ ಹಕ್ಕಿಲ್ಲ ಅಂತ 2002ರಲ್ಲೇ ಹರೀಶ್ ಉಪ್ಪಲ್ ತೀರ್ಪಾಯ್ತು. ಅದನ್ನು ಪಾಲಿಸಿದ ಸಂಘ ತೋರಿಸಿ.

ಯುವ ವಕೀಲ: ಬಾರ್‌ನಲ್ಲಿ ಕಷ್ಟ ಏನು ಅಂತ ಬೆಂಚಿನ ಕೆಳಗೆ ಕೂತು ಫೈಲು ಕಟ್ಟಿದವರಿಗೆ ಗೊತ್ತಾಗಲ್ಲ.

ನಿವೃತ್ತ ಶಿರಸ್ತೇದಾರ್: ಆ ಫೈಲು ಕಟ್ಟಿದ್ದಕ್ಕೇ ನಿಮ್ಮ ವಾಯಿದೆ ಎಷ್ಟು ಅಂತ ಲೆಕ್ಕ ಸಿಗೋದು.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಪ್ರಶ್ನೆ ಕೇಳೋಕೆ ಬಂದವರು ಕಾಯ್ತಿದ್ದಾರೆ.

ಚಿತ್ರದುರ್ಗ ಕೋಟೆ ರಸ್ತೆ ಸದಸ್ಯ: ನಮ್ಮ ಹತ್ರ ಹೈಕೋರ್ಟ್ ಆದೇಶನೇ ಇದೆ. ಆರು ತಿಂಗಳಲ್ಲಿ ದಾವೆ ಮುಗಿಸಿ ಅಂತ. ಒಂಬತ್ತು ತಿಂಗಳಾಯ್ತು. ಜಡ್ಜ್ ಮೇಲೆ ಕಂಟೆಂಪ್ಟ್ (ನ್ಯಾಯಾಂಗ ನಿಂದನೆ) ಹಾಕ್ತೀವಿ.

ವಕೀಲರು: ಹಾಕಬೇಡಿ. ಕಂಟೆಂಪ್ಟ್‌ಗೆ ಬೇಕಂತಲೇ ಮಾಡಿದ ಉಲ್ಲಂಘನೆ ಬೇಕು. ಕೆಲಸದ ಹೊರೆಯಿಂದ ಆದ ತಡ ಅದಲ್ಲ. ಗಡುವು ಸಾಲದಿದ್ದರೆ ಕೆಳಗಿನ ಕೋರ್ಟು ಹೈಕೋರ್ಟಿಗೆ ಪತ್ರ ಬರೆದು ಸಮಯ ಕೇಳುತ್ತೆ. ಆ ಪತ್ರ ಹೋಗಿದೆಯಾ ವಿಚಾರಿಸಿ. ಹೈಕೋರ್ಟ್ ಆದೇಶದ ದೃಢೀಕೃತ ಪ್ರತಿಯನ್ನು ಕೆಳಗಿನ ಕೋರ್ಟಿಗೆ ಮೆಮೊ ಜೊತೆ ಹಾಕಿದ್ರಾ? ಹಾಕದೇ ಗಡುವು ಎಣಿಸುತ್ತಾ ಕೂರೋದು ಜನ ಸಾಮಾನ್ಯವಾಗಿ ಮಾಡುವ ತಪ್ಪು.

ಇನ್ನೊಂದು ಗಂಭೀರ ಮಾತು. ಯಾವುದೋ ಒಂದು ಕೇಸನ್ನು ಇಷ್ಟು ದಿನದಲ್ಲಿ ಮುಗಿಸಿ ಅಂತ ಮೇಲಿನ ಕೋರ್ಟುಗಳು ಸಾಮಾನ್ಯವಾಗಿ ಗಡುವು ಹಾಕಬಾರದು, ಅಸಾಧಾರಣ ಸಂದರ್ಭಕ್ಕೆ ಮಾತ್ರ ಅದು, ಅಂತ ಅದೇ 2024ರ ಐವರ ಪೀಠ ಹೇಳಿತು. ಯಾವ ಕೇಸಿಗೆ ಆದ್ಯತೆ ಅನ್ನೋದು ಆ ಕೋರ್ಟಿನ ಹೊರೆ ಗೊತ್ತಿರುವ ಆ ಜಡ್ಜ್‌ಗೇ ಬಿಡಬೇಕು. ನನಗೆ ಇದು ಪೂರ್ತಿ ಒಪ್ಪಿಗೆ. ಬೆಂಗಳೂರಿಗೆ ಹೋಗಿ ಗಡುವು ತರುವ ಶಕ್ತಿ ಇದ್ದವರ ಕೇಸು ಮುಂದೆ ಬಂದರೆ, ಅದೇ ಕೋರ್ಟಿನಲ್ಲಿ ಹತ್ತು ವರ್ಷದಿಂದ ಕಾಯುತ್ತಿರುವ ವಿಧವೆಯ ಕೇಸು ಹಿಂದೆ ಹೋಗುತ್ತೆ. ಆಕೆಗೆ ಯಾರು ರಿಟ್ ಹಾಕ್ತಾರೆ?

ಕಾನೂನು ವಿದ್ಯಾರ್ಥಿ: ಹಾಗಾದ್ರೆ ಅಮಲ್ಜಾರಿ (ಆದ ಡಿಕ್ರಿ ಜಾರಿ ಮಾಡಿಸೋ) ಅರ್ಜಿಗೆ ಆರು ತಿಂಗಳು ಅಂತ ಸುಪ್ರೀಂ ಕೋರ್ಟೇ ಯಾಕೆ ಗಡುವು ಹಾಕಿತು? ರಾಹುಲ್ ಶಾ, 2021. ಪೆರಿಯಮ್ಮಾಳ್, 2025ರಲ್ಲಿ ಮತ್ತೆ ಅದನ್ನೇ ಹೇಳಿದ್ರು. ಒಂದು ಕಡೆ ಬೇಡ ಅಂತ, ಇನ್ನೊಂದು ಕಡೆ ಬೇಕು ಅಂತ. ಇದು ವಿರೋಧಾಭಾಸ ಅಲ್ವಾ?

ವಕೀಲರು: ಅಲ್ಲ. ರಾಹುಲ್ ಶಾ ಹೇಳಿದ್ದು ಎಲ್ಲಾ ಅಮಲ್ಜಾರಿಗೂ ಒಂದೇ ಅಳತೆ. ಮೀರಿದರೆ ಕಾರಣ ಬರೆಯಬೇಕು ಅಂತಲೂ ಹೇಳಿದೆ. ಇಂಥವರ ಕೇಸು ಮೊದಲು ಅಂತ ಹೇಳಿಲ್ಲ. ಒಬ್ಬರಿಗಾಗಿ ಸಾಲು ಮುರಿಯೋದು ಬೇರೆ. ಕ್ರಿಮಿನಲ್ ಕಡೆಯೂ ಇದೇ ಎಚ್ಚರ ಇದೆ. ಇಷ್ಟು ವರ್ಷದಲ್ಲಿ ವಿಚಾರಣೆ ಮುಗಿಯದಿದ್ದರೆ ಕೇಸೇ ಕೊನೆ ಅಂತ ಕೆಲವು ತೀರ್ಪುಗಳು ಹಾಕಿದ್ದ ಗಡುವನ್ನು ಏಳು ಜಡ್ಜ್‌ಗಳು ತಳ್ಳಿಹಾಕಿದರು. ಪಿ. ರಾಮಚಂದ್ರ ರಾವ್ ವಿರುದ್ಧ ಕರ್ನಾಟಕ ರಾಜ್ಯ, 2002. ನಮ್ಮ ರಾಜ್ಯದ ಕೇಸು, ನಮ್ಮ ವಿದ್ಯಾರ್ಥಿಗಳು ಮೊದಲು ಓದಬೇಕಾದ್ದು.

ಕಾನೂನು ವಿದ್ಯಾರ್ಥಿ: ಅಂದ್ರೆ ಜಡ್ಜ್ ವಿವೇಚನೆ ಅಂದ ಕೂಡಲೇ ಯಾರೂ ಮುಟ್ಟಬಾರದಾ? ಇದು ಜನಸಾಮಾನ್ಯರಿಗೆ ಅನ್ಯಾಯ ಸರ್.

ವಕೀಲರು: ಹಾಗೆ ನಾನು ಹೇಳಿಲ್ಲ. ತೂಗಿ ನೋಡದೇ, ಕಣ್ಣಿಗೆ ಕಾಣುವ ದಾಖಲೆ ಬಿಟ್ಟು, ಮನಸ್ಸಿಗೆ ಬಂದಂತೆ ಆದೇಶ ಮಾಡಿದರೆ ಮೇಲ್ಮನವಿ ಕೋರ್ಟು ಕೈ ಹಾಕುತ್ತೆ. ವಾಂಡರ್ ವಿರುದ್ಧ ಆ್ಯಂಟಾಕ್ಸ್, 1990. ಅದೇ ತೀರ್ಪು ಇನ್ನೊಂದನ್ನೂ ಹೇಳುತ್ತೆ: ನಾನಾಗಿದ್ದರೆ ಬೇರೆ ರೀತಿ ಆದೇಶ ಮಾಡುತ್ತಿದ್ದೆ ಅನ್ನೋದೊಂದೇ ಕಾರಣ ಸಾಲದು. ವಿವೇಚನೆಯನ್ನೇ ಕಿತ್ತುಕೊಳ್ಳೋ ಅಧಿಕಾರ ಶಾಸನ ಸಭೆಗಿದೆ. ಕರಾರು ಪಾಲನೆ ಕೊಡಿಸುವುದರಲ್ಲಿ ಕೋರ್ಟಿಗಿದ್ದ ವಿವೇಚನೆಯನ್ನು 2018ರ ನಿರ್ದಿಷ್ಟ ಪರಿಹಾರ ಕಾಯ್ದೆ ತಿದ್ದುಪಡಿ ಮೊಟಕು ಮಾಡಿದ್ದು ಹಾಗೆ. ಒಂದು ರಿಟ್‌ನಿಂದ ಅದು ಆಗಲ್ಲ. ಮೇಲಿನಿಂದ ‘ಹೀಗೇ ಮಾಡು’ ಅಂತ ಬಂದರೆ ಕೆಳಗಿನ ಜಡ್ಜ್ ನಿಮ್ಮ ಸಾಕ್ಷ್ಯ ಓದುವ ಅಗತ್ಯವೇ ಇರಲ್ಲ. ಇವತ್ತು ನಿಮ್ಮ ಪರ ಬಂದ ಆ ಮಾತು ನಾಳೆ ಎದುರಿನವರ ಪರವೂ ಬರುತ್ತೆ.

ನಿವೃತ್ತ ಶಿರಸ್ತೇದಾರ್: ಇದನ್ನೇ ನಾನು ಮೊದಲಿಂದ ಹೇಳಿದ್ದು.

ಕಾನೂನು ವಿದ್ಯಾರ್ಥಿ: ನೀವು ಹೇಳಿದ್ದು ‘ಹಳೇ ಪಾಠ’ ಅಂತ ಅಷ್ಟೇ.

ಮಾಯಕೊಂಡ ಸದಸ್ಯ: ಜಡ್ಜ್ ಬದಲಾಯಿಸಿಕೊಳ್ಳೋಕೆ ಬರುತ್ತಾ? ನಮ್ಮ ಕೇಸು ಮುಂದೆ ಹೋಗ್ತಾನೇ ಇಲ್ಲ.

ವಕೀಲರು: ಸಿಪಿಸಿ 24, ಜಿಲ್ಲಾ ನ್ಯಾಯಾಧೀಶರ ಮುಂದೆ. ತಡ ಅನ್ನೋದೊಂದೇ ಕಾರಣ ಸಾಲದು. ಪಕ್ಷಪಾತದ ಆರೋಪ ಮಾಡಿದರೆ ಆಧಾರ ಬೇಕು. ಆಧಾರ ಇಲ್ಲದೆ ಬರೆದರೆ ಅದೇ ನಿಮಗೆ ತಿರುಗಿ ಬೀಳುತ್ತೆ.

ಚಳ್ಳಕೆರೆ ಸದಸ್ಯ: ಇನ್ನೊಂದು ಬಂದೈತೆ ಸಾರ್. ಚೀಫ್ ಜಸ್ಟಿಸ್‌ಗೆ ಪೋಸ್ಟ್ ಕಾರ್ಡ್ ಬರೆದ್ರೆ ಕೆಳಗಿನ ಜಡ್ಜ್‌ಗೆ ಆರ್ಡರ್ ಬರ್ತೈತಂತೆ, ನಿಜಾನಾ?

ವಕೀಲರು: ಸುಳ್ಳು. ಜಡ್ಜ್‌ರ ನಡತೆ ಬಗ್ಗೆ ನಿಜವಾದ ದೂರಿದ್ದರೆ ಅಫಿಡವಿಟ್, ಪರಿಶೀಲಿಸಬಹುದಾದ ದಾಖಲೆ ಸಮೇತ ಹೈಕೋರ್ಟಿನ ವಿಜಿಲೆನ್ಸ್ ರಿಜಿಸ್ಟ್ರಾರ್‌ಗೆ ಕೊಡಿ. ಅದು ಆಡಳಿತದ ಕಡೆ. ಅದರಿಂದ ನಿಮ್ಮ ಕೇಸಿನಲ್ಲಿ ಒಂದಕ್ಷರವೂ ಬದಲಾಗಲ್ಲ. ಇನ್ನು ಫಾರ್ವರ್ಡ್ ಹಾಕಿದರೆ ನಾನು ಉತ್ತರ ಕೊಡಲ್ಲ.

ಹೊಳಲ್ಕೆರೆ ಸದಸ್ಯ: ಹೈಕೋರ್ಟಿಗೆ ಹೋಗೋಕೆ ಎಷ್ಟು ಖರ್ಚಾಗುತ್ತೆ ಸಾರ್?

ನ್ಯಾಮತಿ ಸದಸ್ಯೆ: ಜೀವನಾಂಶದ ಅರ್ಜಿ ವರ್ಷದಿಂದ ಇದೆ, ಮಧ್ಯಂತರನೂ ಕೊಟ್ಟಿಲ್ಲ. ಏನು ಮಾಡ್ಲಿ?

ಭರಮಸಾಗರ ಸದಸ್ಯ: ಸಾರ್ ಮೇಲೆ ಓದಿದೆ ಅರ್ಥ ಆಗಲಿಲ್ಲ. ಮ್ಯಾಂಡಮಸ್ ಹಾಕಬಹುದೋ ಬೇಡವೋ ಒಂದೇ ಮಾತಲ್ಲಿ ಹೇಳಿ.

ವಕೀಲರು: ಕೇಸು ಯಾವುದು, ಯಾವ ಹಂತ, ಏನು ಆದೇಶ ಬೇಕು, ಮೂರೂ ಬರೆಯದೇ ಒಂದು ಮಾತಲ್ಲಿ ಹೇಳಲು ಆಗಲ್ಲ.

ಹೊನ್ನಾಳಿ ಕಡೆ ಸದಸ್ಯೆ: ಸಾರ್, ನಮ್ಮ ವಕೀಲರ ಜೂನಿಯರ್ ಫೈಲ್ ನೋಡಿದ್ರು. ರಿಜಿಸ್ಟರ್ ಪೋಸ್ಟ್ ರಸೀದಿ ಒಂದಿದೆ, ಟಿಐ ಆಗಿ ಒಂಬತ್ತನೇ ದಿನದ್ದು. ಅಫಿಡವಿಟ್ ಇಲ್ಲವೇ ಇಲ್ಲ. ದಾವೆಯಲ್ಲಿ ಬೋರ್ ತಾನೊಬ್ಬನೇ ಕೊರೆಸಿದ್ದು ಅಂತ ಬರೆದಿದ್ದಾರೆ. ಬೆಸ್ಕಾಂ ಸಂಪರ್ಕ ಇರೋದು ನಮ್ಮ ಮಾವನವರ ಹೆಸರಲ್ಲಿ.

ವಕೀಲರು: ಹಾಗಾದರೆ ಮೂರು ಅಂಶ ಸೇರಿದವು. ರೂಲ್ 3ರ ಅಫಿಡವಿಟ್ ಇಲ್ಲ. ಪೋಸ್ಟ್ ಒಂಬತ್ತು ದಿನ ತಡ, ಕಾನೂನು ಹೇಳೋದು ‘ಕೂಡಲೇ’ ಅಂತ. ನೋಟಿಸ್ ಇಲ್ಲದ ಟಿಐನಲ್ಲಿ ಇವೆಲ್ಲ ಶಾಸ್ತ್ರಕ್ಕೆ ಮಾಡುವ ಕೆಲಸವಲ್ಲ ಅಂತ ಹೇಳಲು ಶಿವಕುಮಾರ್ ಚಡ್ಡಾ, 1993 ಇಟ್ಟುಕೊಳ್ಳಿ. ನೋಟಿಸ್ ಯಾಕೆ ಬೇಡ ಅಂತ ಮೂಲ ಆದೇಶದಲ್ಲಿ ಕಾರಣ ಬರೆದಿದ್ದಾರಾ, ಅದನ್ನೂ ಅದೇ ತೀರ್ಪು ಕಡ್ಡಾಯ ಅನ್ನುತ್ತೆ, ನೋಡಿಸಿ. ಆದರೆ ಇಷ್ಟರಿಂದಲೇ ಟಿಐ ಬಿದ್ದೇ ಬೀಳುತ್ತೆ ಅಂತ ನಂಬಬೇಡಿ.

ಗಟ್ಟಿ ಇರೋದು ಬೋರಿನ ಮಾತು. ಮುಖ್ಯ ವಿಷಯದಲ್ಲಿ ಗೊತ್ತಿದ್ದೂ ಸುಳ್ಳು ಹೇಳಿ ನೋಟಿಸ್ ಇಲ್ಲದೆ ಟಿಐ ಪಡೆದಿದ್ದರೆ ರೂಲ್ 4ರ ಮೊದಲ ಪರಂತುಕದಂತೆ ಕೋರ್ಟು ಅದನ್ನು ತೆರವು ಮಾಡತಕ್ಕದ್ದು. ಬೇಡ ಅನ್ನಿಸಿದರೆ ಕಾರಣ ಬರೆಯಬೇಕು. ಇಲ್ಲಿ ವಿವೇಚನೆ ಕಿರಿದಾಗುತ್ತೆ. ಬೆಸ್ಕಾಂ ಕಚೇರಿಯಿಂದ ಸಂಪರ್ಕ ಮಂಜೂರಾದ ದಾಖಲೆಯ ದೃಢೀಕೃತ ಪ್ರತಿ ತೆಗೆಸಿ, ಮಾವನವರ ಹೆಸರು, ಸರ್ವೆ ನಂಬರ್, ಮಂಜೂರಾದ ತಾರೀಖು ಕಾಣಬೇಕು. ಅದನ್ನು ಐಎ 3ರಲ್ಲೂ ಹಾಕಿ, ಎಂ.ಎ.ಯಲ್ಲೂ ಹಾಕಿ. ಹೈಕೋರ್ಟ್ ಈಗ ಬೇಡ. ಎಂ.ಎ. ದಾಖಲಾದ ದಿನವೇ ಟಿಐ ತಡೆಯ ಐಎ ಮತ್ತು ಡ್ರಿಪ್ ನೀರಿನ ಪರ್ಯಾಯ ಕೋರಿಕೆ ಎರಡನ್ನೂ ಒತ್ತಿ ಕೇಳಿಸಿ. ಎದುರಿನವರು ಕೇವಿಯಟ್ (ನಮ್ಮನ್ನು ಕೇಳದೇ ಆದೇಶ ಮಾಡಬೇಡಿ ಅನ್ನೋ ಅರ್ಜಿ) ಹಾಕಿದ್ದಾರಾ ಅಂತ ಮುಂಚೆಯೇ ನೋಡಿಕೊಳ್ಳಿ. ಹಾಕಿದ್ದರೆ ಪ್ರತಿ ಕೊಟ್ಟೇ ಬನ್ನಿ, ಅದರ ಹೆಸರಲ್ಲಿ ಇನ್ನೊಂದು ವಾಯಿದೆ ಬೀಳಬಾರದು.